ಸಿಗ್ನೆಗೆ ಎರಡು ಗುಂಡಿ

ಬೆರಿತ್ ಕಂದು ಕುದುರೆಯ ಹೊಟ್ಟೆಪಟ್ಟಿ ಬಿಗಿಯುತ್ತಿದ್ದಳು. ಅಷ್ಟರಲ್ಲಿ ಅವಳ ಅಣ್ಣ ಓಸ್ಮುಂಡ್ ಹೆಗಲ ಮೇಲೆ ಸನಿಕೆ ಹೊತ್ತು, ಮೊಣಕಾಲ ತನಕ ಮಣ್ಣು ಮೆತ್ತಿಕೊಂಡು, ಕೊಯ್ಲಾದ ಗೋಧಿ ಹೊಲಕ್ಕೆ ಅಡ್ಡ ಬಿದ್ದು ಎದ್ದೆನೋ ಬಿದ್ದೆನೋ ಎಂದು ಓಡಿ ಬಂದ.

"ಬೆರಿತ್! ಅವರೂ ತೋಡಿದ್ದಾರೆ ಕಣೇ!"

"ಏನು ತೋಡಿದ್ದಾರೆ? ಮೊದ್ಲು ಉಸಿರು ಬಿಡು."

"ಗುಂಡಿ! ಅಮ್ಮನಿಗೆ! ಪಡುವಲ ಚರ್ಚಿನೋರು! ರಸ್ತೇಲಿ ಬರ್ತಾ ನೋಡ್ದೆ, ಅವರ ಗೇಟಿನೊಳಗೆ ಹಸಿ ಮಣ್ಣಿನ ರಾಶಿ ಬಿದ್ದಿದೆ. ನಾನು ಬೆಳಗ್ಗೆ ಎದ್ದು ಒಬ್ಬನೇ ಅಪ್ಪನ ಪಕ್ಕದಲ್ಲಿ ಆರಡಿ ಇಳಿಸಿದ್ದೀನಿ, ಕೈಯೆಲ್ಲ ಬೊಬ್ಬೆ. ಇವರು ನೋಡಿದ್ರೆ ನಮ್ಮನ್ನ ಒಂದು ಮಾತೂ ಕೇಳ್ದೆ..."

"ನಾವು ಅವರನ್ನ ಕೇಳಿದ್ವಾ?"

ಹಾಗೆ ಕೇಳಿದಳೇ ಹೊರತು ಬೆರಿತ್ ಕೈಯಲ್ಲಿದ್ದ ಪಟ್ಟಿ ಬಿಗಿಯುವುದನ್ನೇ ಮರೆತಿದ್ದಳು. ಅಮ್ಮ ತೀರಿಕೊಂಡಿದ್ದು ಗುರುವಾರ. ಇವತ್ತು ಶನಿವಾರ. ಎರಡು ದಿನ ಇಡೀ ಊರು ಈ ಮನೆಯ ಅಡುಗೆಮನೆಯಲ್ಲೇ ಕೂತು ಕಾಫಿ ಕುಡಿದಿದೆ. ಸಿಗ್ನೆಯನ್ನು ಎಲ್ಲಿ ಹೂಳುವುದು ಎಂದು ಒಬ್ಬರಾದರೂ ಬಾಯಿ ಬಿಟ್ಟು ಕೇಳಬೇಡವೇ? ನಮ್ಮ ನಾರ್ವೆಯ ಜನವೇ ಹಾಗೆ. ಮನಸ್ಸಿನಲ್ಲಿರುವುದನ್ನು ಕೇಳುವುದಕ್ಕಿಂತ ಆರಡಿ ಗುಂಡಿ ತೋಡುವುದು ಅವರಿಗೆ ಸುಲಭ.

ಅಡುಗೆಮನೆಯ ಬಾಗಿಲು ದಡಾರನೆ ತೆರೆಯಿತು. ಹಿಟ್ಟು ಮೆತ್ತಿದ ತೋಳು, ಕೈಯಲ್ಲಿ ರೊಟ್ಟಿ ಮಗುಚುವ ಉದ್ದ ಕಡ್ಡಿ: ಓಲೀನಾ ಚಿಕ್ಕಮ್ಮ. ರಕ್ತಸಂಬಂಧದಲ್ಲಿ ಚಿಕ್ಕಮ್ಮನೇನಲ್ಲ. ಪಡುವಲ ಚರ್ಚಿನ ಹೆಂಗಸರ ಸಂಘದ ಯಜಮಾನಿ, ಅಮ್ಮನ ಇಪ್ಪತ್ತನಾಲ್ಕು ವರ್ಷದ ಗೆಳತಿ.

"ಕೇಳೋದೇನಿದೆಯೋ ಓಸ್ಮುಂಡ್? ಸಿಗ್ನೆ ನಮ್ಮ ಚರ್ಚಿನವಳು. ನಮ್ಮ ಬೆಂಚಲ್ಲಿ ಕೂತವಳು. ತನ್ನ ಜಾಗ ತಾನೇ ನನಗೆ ತೋರಿಸಿದ್ದಾಳೆ."

"ಅಪ್ಪನ್ನ ಬಿಟ್ಟು ಅಮ್ಮ ಬೇರೆ ಕಡೆ ಮಲಗ್ತಾಳಾ ಚಿಕ್ಕಮ್ಮ? ಜನ ಏನಂತಾರೆ?"

"ಜನ! ಜನ ಇಪ್ಪತ್ತನಾಲ್ಕು ವರ್ಷದಿಂದ ಅಂತಾನೇ ಇದ್ದಾರೆ. ಅವಳು ಕಿವಿಗೆ ಹಾಕ್ಕೊಂಡ್ಳಾ?"

ಅಂಗಳದಲ್ಲಿ ನಲವತ್ತು ಗಾಡಿಗಳು ನಿಂತಿದ್ದವು. ಒಕ್ಕಣೆ ಯಂತ್ರ ನಿಲ್ಲಿಸಿ ಬಂದ ಗಂಡಸರು ಕರಿಯ ಕೋಟು ಹಾಕಿಕೊಂಡು, ಮೂಡಲ ಚರ್ಚಿನವರು ಕಣಜದ ಕಡೆ, ಪಡುವಲ ಚರ್ಚಿನವರು ಬಾವಿಯ ಕಡೆ, ಯಾರೋ ಗೆರೆ ಎಳೆದ ಹಾಗೆ ನಿಂತಿದ್ದರು. ಎರಡು ಗುಂಡಿಯ ಸುದ್ದಿ ಎರಡು ಕಡೆಗೂ ಆಗಲೇ ಮುಟ್ಟಿತ್ತು. ಸಾವಿನ ಮನೆಯಲ್ಲಿ ಇರಬೇಕಾದ ತಗ್ಗಿದ ದನಿ ಹೋಗಿ, ಕುದುರೆ ಪಂದ್ಯಕ್ಕೆ ಮೊದಲು ಇರುವಂಥ ಗುಜುಗುಜು ಶುರುವಾಯಿತು.

"ಅಮ್ಮನ ಗಾಡಿ ಹೊಡೆಯೋಳು ನೀನು," ಓಸ್ಮುಂಡ್ ತಂಗಿಯ ಕಿವಿಯಲ್ಲಿ ಹೇಳಿದ. "ಯಾವ ಗೇಟಿಗೆ ತಿರುಗಿಸ್ತೀಯೋ ಅಲ್ಲಿಗೆ ಮುಗೀತು. ತಿಳ್ಕೊಂಡು ಹೊಡಿ."

ಬೆರಿತ್ ತಿಳಿದುಕೊಂಡೇ ಇದ್ದಳು. ಅಮ್ಮ ಅಪ್ಪನ ಪಕ್ಕದಲ್ಲಿ ಮಲಗಬೇಕು. ಪ್ರತಿ ಭಾನುವಾರ ಅಮ್ಮ ಒಬ್ಬಳೇ ಪಡುವಲ ಗೇಟಿನೊಳಗೆ ಹೋಗುತ್ತಿದ್ದಳು. ಗಂಡ ಮೂಡಲ ಗೇಟಿಗೆ, ಮಕ್ಕಳಿಬ್ಬರೂ ಅಪ್ಪನ ಹಿಂದೆ. ಬೆರಿತ್ ಒಂದೇ ಒಂದು ದಿನ ಅವಳ ಜೊತೆ ಹೋಗಿರಲಿಲ್ಲ. ಬದುಕಿರುವ ತನಕ ಒಬ್ಬಳೇ ಇದ್ದದ್ದು ಸಾಲದೆ, ಸತ್ತ ಮೇಲೂ ಒಬ್ಬಳೇನಾ? ಇಲ್ಲ. ಅದು ಆಗಕೂಡದು.

*

ಸಿಗ್ನೆ ನಾರ್ವೆ ಬಿಟ್ಟು, ಕಡಲು ದಾಟಿ ಈ ಹುಲ್ಲುಬಯಲಿಗೆ ಬಂದಾಗ ಇಪ್ಪತ್ತಾರು ವರ್ಷ. ಜೊತೆಗೆ ಕಿವುಡಿ ತಾಯಿ, ಒಂದು ಮರದ ಪೆಟ್ಟಿಗೆ, ಒಂದು ಮೇಕೆ. ಮದುವೆಯಾಗದ ಹೆಣ್ಣಿಗೂ ಸರ್ಕಾರ ನೂರರವತ್ತು ಎಕರೆ ಕೊಡುತ್ತದೆ, ಐದು ವರ್ಷ ಅದರ ಮೇಲೆ ವಾಸವಿರಬೇಕು ಎಂದು ಹಡಗಿನಲ್ಲಿ ಕೇಳಿದ್ದಳು. ಅವಳಿಗೆ ಅಷ್ಟು ಸಾಕಾಗಿತ್ತು. ಪಕ್ಕದ ನೂರರವತ್ತು ಎಕರೆ ಹಿಡಿದವನು ಎಲ್ಲಿಂಗ್. ಮೂರನೇ ತಿಂಗಳಿಗೆ ಅವನು ಟೋಪಿ ಕೈಯಲ್ಲಿ ಹಿಡಿದುಕೊಂಡು ಬಂದು ಮದುವೆಯ ಮಾತೆತ್ತಿದ.

"ಆಗೋಣ," ಎಂದಳಂತೆ ಸಿಗ್ನೆ. "ಐದು ವರ್ಷ ಆದ್ಮೇಲೆ. ಈಗ ಆದ್ರೆ ನನ್ನ ಜಮೀನು ಕೈಬಿಟ್ಟು ಹೋಗುತ್ತೆ."

"ಐದು ವರ್ಷಾನಾ!"

"ಅವಸರ ಇದ್ರೆ ಬೇರೆಯವರನ್ನ ನೋಡ್ಕೊ."

ಎಲ್ಲಿಂಗ್ ಬೇರೆಯವರನ್ನು ನೋಡಿಕೊಳ್ಳಲಿಲ್ಲ. ಇಬ್ಬರಿಗೂ ಒಂದೊಂದು ಮನೆ ಕಟ್ಟುವಷ್ಟು ಮರ ಆ ಬಯಲಿನಲ್ಲಿ ಎಲ್ಲಿಂದ ಬರಬೇಕು? ಗಡಿಗೆರೆಯ ಮೇಲೆಯೇ ಒಂದು ಮನೆ ಎಬ್ಬಿಸಿದರು. ಅರ್ಧ ಅವನ ಜಮೀನಿನಲ್ಲಿ, ಅರ್ಧ ಅವಳದರಲ್ಲಿ. ನಡುವೆ ಗೋಡೆ, ಎರಡು ಬಾಗಿಲು. ಅವಳ ಪಾಲಿನಲ್ಲಿ ಅವಳೂ ಕಿವುಡಿ ತಾಯಿಯೂ ಮೇಕೆಯೂ. ಒಮ್ಮೆ ಸರ್ಕಾರದ ಮೋಜಣಿದಾರ ಬಂದು ಸರಪಳಿ ಹಿಡಿದು ಅಳೆದು, "ಅಮ್ಮಾ, ನಿನ್ನ ಮಂಚದ ಕಾಲು ಎರಡಡಿ ಅವನ ಜಮೀನಿನಲ್ಲಿದೆ" ಎಂದ. ಸಿಗ್ನೆ ಮಂಚ ಎಳೆದು ಈ ಕಡೆ ಹಾಕಿದಳು. ಐದು ವರ್ಷ ಮುಗಿದು ಕಾಗದ ಕೈಗೆ ಬಂದ ದಿನ ಮಧ್ಯಾಹ್ನ ಪಾದ್ರಿಯನ್ನು ಕರೆಸಿದರು. ಜಮೀನು ಮಾತ್ರ ಕೊನೆಯವರೆಗೂ ಅವಳ ಹೆಸರಲ್ಲೇ ಉಳಿಯಿತು. ಈಗ ಅದನ್ನು ಉಳುವವಳು ಬೆರಿತ್, ಅಪ್ಪನ ಪಾಲನ್ನು ಉಳುವವನು ಓಸ್ಮುಂಡ್.

ಬೆರಿತ್‌ಗೆ ಐದು ವರ್ಷವಾಗಿದ್ದಾಗ ಚರ್ಚು ಒಡೆಯಿತು. ಒಡೆದದ್ದು ಯಾತಕ್ಕೆ? ದೇವರು ಉಳಿಸಬೇಕಾದವರನ್ನು ಸುಮ್ಮನೆ ತನ್ನ ಇಷ್ಟದಂತೆ ಆರಿಸಿದನೋ, ಇಲ್ಲ ಇವರು ನಂಬುತ್ತಾರೆಂದು ಮುಂಚೆಯೇ ಕಂಡು ಆರಿಸಿದನೋ ಎಂಬ ಪ್ರಶ್ನೆಗೆ! ಈ ಒಂದು ಪ್ರಶ್ನೆಗೆ ಅಣ್ಣತಮ್ಮಂದಿರು ಮಾತು ಬಿಟ್ಟರು, ಬೀಗರು ಕಾಫಿ ಬಿಟ್ಟರು. ಅರ್ಧ ಜನ ಎದ್ದು ಹೋಗಿ ಪಕ್ಕದ ಎಕರೆಯಲ್ಲೇ ಇನ್ನೊಂದು ಚರ್ಚು ಕಟ್ಟಿದರು, ಹಿಂದೆ ತಮ್ಮದೇ ಸ್ಮಶಾನ ಮಾಡಿಕೊಂಡರು. ಒಬ್ಬರ ಮುಖ ಒಬ್ಬರು ನೋಡಬಾರದೆಂದು ಎರಡು ಸ್ಮಶಾನಗಳ ನಡುವೆ ಕಾಡು ಪ್ಲಮ್ ಮುಳ್ಳುಗಿಡ ನೆಟ್ಟರು. ಅದು ಆಳೆತ್ತರ ಬೆಳೆದು ಗೋಡೆಯ ಹಾಗೆ ನಿಂತಿತು. ಮುಳ್ಳಿನ ಆಚೆ ಏನಿದೆ ಎಂದು ಈ ಕಡೆಯವರಿಗೆ ಗೊತ್ತಿಲ್ಲ, ಆ ಕಡೆಯವರಿಗೂ ಗೊತ್ತಿಲ್ಲ.

ಎಲ್ಲಿಂಗ್ ಮೂಡಲಲ್ಲಿ ಉಳಿದ. ಸಿಗ್ನೆ ಪಡುವಲಿಗೆ ಹೋದಳು.

"ಯಾಕಮ್ಮ?" ಎಂದು ಬೆರಿತ್ ದೊಡ್ಡವಳಾದ ಮೇಲೆ ಕೇಳಿದ್ದಳು.

"ದೇವರು ಕಣ್ಣು ಮುಚ್ಕೊಂಡು ಆರಿಸ್ತಾನೆ ಅಂದ್ರೆ ನಾನು ಒಪ್ಪಲ್ಲ. ನಾನು ನಿಮ್ಮಪ್ಪನ್ನ ಐದು ವರ್ಷ ನೋಡಿ ಆರಿಸಿದ್ದು."

ಅಷ್ಟೇ. ಅದಕ್ಕೆ ಜಗಳವಿಲ್ಲ, ಮುನಿಸಿಲ್ಲ. ಭಾನುವಾರ ಎಲ್ಲರೂ ಒಂದೇ ಗಾಡಿಯಲ್ಲಿ ಹೋಗುವುದು. ರಸ್ತೆಯ ಮೇಲೆ ಎರಡು ಗೇಟಿನ ನಡುವೆ ಗಾಡಿ ನಿಲ್ಲಿಸುವುದು. ಅವನು ಬಲಕ್ಕೆ ಇಳಿಯುವುದು, ಅವಳು ಎಡಕ್ಕೆ.

*

ಗಾಡಿಗಳ ಸಾಲು ರಸ್ತೆಯ ತಿರುವಿನಲ್ಲಿ ಕಂಡ ಕೂಡಲೇ ಮೂಡಲ ಚರ್ಚಿನ ಗಂಟೆ ಬಾರಿಸಿತು. ಅದು ನಾಲ್ಕು ಸಲ ಬಾರಿಸುವಷ್ಟರಲ್ಲಿ ಪಡುವಲ ಚರ್ಚಿನ ಗಂಟೆಯೂ ಶುರುವಾಯಿತು. ಒಂದಕ್ಕಿಂತ ಒಂದು ಜೋರು. ಹಗ್ಗ ಎಳೆಯುವವರಿಬ್ಬರೂ ಪಂಥಕ್ಕೆ ಬಿದ್ದಿದ್ದು ಅರ್ಧ ಮೈಲಿ ದೂರಕ್ಕೆ ಗೊತ್ತಾಗುತ್ತಿತ್ತು.

"ಕಿತ್ತು ಬೀಳಿಸ್ತಾರೆ ಇವತ್ತು," ಎಂದ ಹಿಂದಿನ ಗಾಡಿಯಲ್ಲಿ ಒಬ್ಬ.

"ಬೀಳ್ಲಿ ಬಿಡೋ. ಅವರದು ಮೊದ್ಲು ಬೀಳ್ಲಿ."

ಮೂಡಲ ಗೇಟಿನಲ್ಲಿ ಮುದುಕ ಪಾದ್ರಿ ಬೋರ್ಗೆ, ಪಡುವಲ ಗೇಟಿನಲ್ಲಿ ಹರೆಯದ ಪಾದ್ರಿ ಲೋಕೆನ್. ಇಬ್ಬರದೂ ಅದೇ ಕರಿಯ ನಿಲುವಂಗಿ, ಕೊರಳ ಸುತ್ತ ಅದೇ ಗಂಜಿ ಹಾಕಿದ ಬಿಳಿಯ ನೆರಿಗೆಪಟ್ಟಿ. ಇಬ್ಬರ ಕೈಯಲ್ಲೂ ಅದೇ ಪ್ರಾರ್ಥನೆಯ ಪುಸ್ತಕ. ಗೊತ್ತಿಲ್ಲದವರು ಕಂಡಿದ್ದರೆ ಒಬ್ಬನೇ ಮನುಷ್ಯ ಮುದುಕನಾಗುವ ಮೊದಲು ಮತ್ತು ಆದ ಮೇಲೆ ಎಂದುಕೊಳ್ಳಬೇಕು.

ಬೆರಿತ್ ಲಗಾಮು ಬಲಕ್ಕೆ ಎಳೆದಳು. ಮನಸ್ಸು ಗಟ್ಟಿ ಮಾಡಿಕೊಂಡೇ ಎಳೆದಳು. ಕಂದು ಕುದುರೆ ಕೇಳಲಿಲ್ಲ. ಹದಿನಾರು ವರ್ಷ ಭಾನುವಾರ ನಿಂತ ಜಾಗದಲ್ಲಿ, ಎರಡು ಗೇಟಿನ ನಡುವೆ, ನೆಟ್ಟಗೆ ನಿಂತುಬಿಟ್ಟಿತು.

ಓಸ್ಮುಂಡ್ ಧುಮುಕಿ ಬಂದು ಕಡಿವಾಣ ಹಿಡಿದ. "ಬಾರೋ ರಾಜ, ಬಾರೋ ಈ ಕಡೆ."

ಓಲೀನಾ ಚಿಕ್ಕಮ್ಮ ಜೋಡಿಯ ಇನ್ನೊಂದು ಕುದುರೆಯ ಕಡಿವಾಣ ಹಿಡಿದಳು. "ಬಿಡೋ! ಹೆಣದ ಗಾಡಿನ ಎಳೆದಾಡ್ತೀಯಾ? ನಿಮ್ಮಮ್ಮ ನೋಡಿದ್ರೆ ಕೆನ್ನೆಗೆ ಬಾರಿಸ್ತಿದ್ಲು."

"ನಿಮಗೂ ಬಾರಿಸ್ತಿದ್ಲು ಚಿಕ್ಕಮ್ಮ!"

"ಬಾರಿಸ್ಲಿ! ಎದ್ದು ಬಂದು ಬಾರಿಸ್ಲಿ, ಖುಷಿಯಿಂದ ತಿಂತೀನಿ!" ಎಂದು ಚಿಕ್ಕಮ್ಮನ ದನಿ ಒಡೆಯಿತು. ಅವಳು ಅಳುತ್ತಿದ್ದಾಳೆಂದು ಆಗ ಎಲ್ಲರಿಗೂ ಗೊತ್ತಾಯಿತು. ಕಡಿವಾಣ ಮಾತ್ರ ಬಿಡಲಿಲ್ಲ.

ಹಿಂದೆ ನಲವತ್ತು ಗಾಡಿಗಳಿಂದ ಜನ ಇಳಿದು ಮುತ್ತಿಕೊಂಡರು. ತಲೆಗೊಂದು ಮಾತು. ಪಾದ್ರಿ ಬೋರ್ಗೆ "ಗಂಡನಿದ್ದಲ್ಲಿ ಹೆಂಡತಿ" ಎಂದರು. ಪಾದ್ರಿ ಲೋಕೆನ್ "ನಂಬಿಕೆ ಇದ್ದಲ್ಲಿ ದೇಹ" ಎಂದರು. ಇಬ್ಬರೂ ತಂತಮ್ಮ ಗೇಟಿನಿಂದ ಒಂದು ಹೆಜ್ಜೆ ಆಚೆ ಇಡಲಿಲ್ಲ.

"ಸುಮ್ನಿರಿ ಎಲ್ಲರೂ!"

ಬೆರಿತ್ ಗಾಡಿಯ ಮೇಲೆ ಎದ್ದು ನಿಂತಿದ್ದಳು. ಅವಳಿಗೇ ತನ್ನ ದನಿ ಹೊಸದಾಗಿ ಕೇಳಿಸಿತು. ಗಂಟೆಗಳು ಕೂಡ ನಿಂತವು.

"ಅಮ್ಮ ಜಾಗ ತೋರಿಸಿದ್ದಾಳೆ ಅಂದ್ರಲ್ಲ ಚಿಕ್ಕಮ್ಮ, ನಾನು ಅದನ್ನ ಕಣ್ಣಾರೆ ನೋಡ್ಬೇಕು. ಅದುವರೆಗೂ ಈ ಗಾಡಿ ಅಲ್ಲಾಡಲ್ಲ."

"ನೋಡೋದೇನಿದೆಯೇ ಅಲ್ಲಿ," ಎಂದಳು ಚಿಕ್ಕಮ್ಮ ಮೂಗು ಸೀಟುತ್ತ. "ಕಟ್ಟಕಡೇ ಮೂಲೆ. ಮುಳ್ಳು, ಬೇರು. ಮೆಟ್ಟಿಲ ಹತ್ರ ಒಳ್ಳೆ ಜಾಗ ಇತ್ತು, ಬೇಡ ಅಂದ್ಳು. ಹಟ."

ಬೆರಿತ್ ಎಡಕ್ಕೆ ಇಳಿದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಪಡುವಲ ಗೇಟಿನೊಳಗೆ ಕಾಲಿಟ್ಟಳು. ಪಾದ್ರಿ ಲೋಕೆನ್ ಗಾಬರಿಯಿಂದ ಪಕ್ಕಕ್ಕೆ ಸರಿದರು. ಕಲ್ಲುಗಳ ಸಾಲು ದಾಟಿ, ಹುಲ್ಲು ದಾಟಿ, ಹಸಿ ಮಣ್ಣಿನ ರಾಶಿಯ ಬಳಿಗೆ ಬಂದಳು. ಗುಂಡಿ ಪ್ಲಮ್ ಬೇಲಿಗೆ ಹೆಚ್ಚುಕಡಿಮೆ ಅಂಟಿಕೊಂಡೇ ಇತ್ತು. ಅಗೆದವನ ಅಂಗಿಯ ಚೂರು ಮುಳ್ಳಿಗೆ ಸಿಕ್ಕಿಕೊಂಡಿತ್ತು. ಇಷ್ಟು ಜಾಗ ಖಾಲಿ ಇರುವಾಗ ಇಲ್ಲಿ ಯಾಕೆ? ಇದೇ ಮೊಳದಗಲ ಜಾಗದಲ್ಲಿ ಯಾಕೆ?

*

ಎಂಟು ವರ್ಷದ ಹಿಂದೆ, ಅಪ್ಪನನ್ನು ಮಣ್ಣು ಮಾಡಿದ ಮಾರನೇ ದಿನ, ಅಮ್ಮ ಬೆರಿತ್‌ಳನ್ನು ಕರೆದುಕೊಂಡು ಚರ್ಚಿನ ರಸ್ತೆಗೆ ಬಂದಿದ್ದಳು. ಬಟ್ಟೆ ಒಣಹಾಕುವ ಹಗ್ಗಕ್ಕೆ ಆಸರೆ ಕೊಡುವ ಉದ್ದನೆಯ ಕೋಲು ಗಾಡಿಯಲ್ಲಿತ್ತು. ಅದರ ತುದಿಗೆ ಅಪ್ಪನ ಕೆಂಪು ಕರವಸ್ತ್ರ ಕಟ್ಟಿದ್ದಳು.

"ಇದನ್ನ ತಗೊಂಡು ಹೋಗಿ ಅಪ್ಪನ ತಲೆ ಹತ್ರ ನೆಟ್ಟಗೆ ಹಿಡ್ಕೊಂಡು ನಿಲ್ಲು. ನಾನು ಕೂಗೋ ತನಕ ಅಲ್ಲಾಡಬೇಡ."

"ಯಾಕಮ್ಮ?"

"ಗಾಳಿ ಎತ್ಲಾಗಿಂದ ಬೀಸುತ್ತೆ ಅಂತ ನೋಡ್ಬೇಕು."

ಗಾಳಿ ನೋಡುವುದಕ್ಕೆ ಸ್ಮಶಾನವೇ ಬೇಕಾ? ಗಂಡ ಸತ್ತ ದುಃಖಕ್ಕೆ ತಲೆ ಕೆಟ್ಟಿತೇನೋ ಎಂದುಕೊಂಡು ಬೆರಿತ್ ಕೋಲು ಎತ್ತಿಕೊಂಡಳು. ಹೋಗಿ ನಿಂತಳು. ಅಮ್ಮ ಎಲ್ಲೋ ಮರೆಯಾದಳು. ಕೈ ಸೋತು ಕೋಲು ವಾಲಿದರೆ ಎಲ್ಲಿಂದಲೋ ದನಿ ಬರುತ್ತಿತ್ತು: "ನೆಟ್ಟಗೆ ಹಿಡಿಯೇ! ಕುಡಿದವರ ಥರ ಅಲ್ಲಾಡಿಸ್ತೀಯಲ್ಲ!" ಕಾಲು ಗಂಟೆಯ ಮೇಲೆ "ಸಾಕು ಬಾ" ಎಂದಿತು ಅದೇ ದನಿ. ರಸ್ತೆಗೆ ಬಂದರೆ ಅಮ್ಮನ ಕೈಮೇಲೆಲ್ಲ ಮುಳ್ಳು ಗೀರಿದ ಗುರುತು, ಪಾವಡೆಯ ಅಂಚಿಗೆ ಮಣ್ಣು. ಮುಖ ಮಾತ್ರ ಗೆದ್ದವಳ ಹಾಗಿತ್ತು.

"ಗಾಳಿ ಗೊತ್ತಾಯ್ತಾ?"

"ಚೆನ್ನಾಗಿ ಗೊತ್ತಾಯ್ತು. ಮನೆಗೆ ಹೋಗಿ ಕಾಫಿ ಕಾಸು."

*

ಬೆರಿತ್ ಮೊಣಕಾಲೂರಿ, ಕೈಗವಸು ಸಿಗಿದರೂ ಸರಿ ಎಂದು, ಎರಡು ಕೈಯಿಂದಲೂ ಮುಳ್ಳು ಸರಿಸಿದಳು. ಮಾಗಿದ ಪ್ಲಮ್‌ಗಳು ಪಟಪಟನೆ ತಲೆಯ ಮೇಲೆ ಉದುರಿದವು. ಕೊಂಬೆಗಳ ಆಚೆ ಬೂದುಬಣ್ಣದ ಕಲ್ಲು. ಕಲ್ಲಿನ ಮೇಲೆ ತಾನೇ ಪ್ರತಿ ವಸಂತಕ್ಕೂ ಉಜ್ಜಿ ತೊಳೆಯುವ ಅಕ್ಷರ: ಎಲ್ಲಿಂಗ್.

ಅಪ್ಪ! ಒಂದು ಮಾರಿನಷ್ಟು ದೂರವೂ ಇಲ್ಲ. ಅಪ್ಪನ ಈ ಮಗ್ಗುಲಲ್ಲಿ ಬೇಲಿ, ಬೇಲಿಯ ಪಕ್ಕದಲ್ಲಿ ಅಮ್ಮನ ಗುಂಡಿ. ಅಪ್ಪನ ಆ ಮಗ್ಗುಲಲ್ಲಿ ಓಸ್ಮುಂಡ್ ತೋಡಿದ ಗುಂಡಿ. ಊರೆಲ್ಲ ಎರಡು ಪಾಲಾಗಿ ಕಿತ್ತಾಡಿದ ಎರಡು ಗುಂಡಿಯೂ ಅಪ್ಪನ ಪಕ್ಕದಲ್ಲೇ!

"ಅಣ್ಣಾ!" ಬೆರಿತ್ ಕಿರುಚಿದಳು. "ಅಣ್ಣಾ! ಬಾರೋ ಇಲ್ಲಿಗೆ!"

"ಆ ಗೇಟಿನೊಳಗೆ ನಾನು ಕಾಲಿಡಲ್ಲ!" ರಸ್ತೆಯಿಂದ ಓಸ್ಮುಂಡ್‌ನ ದನಿ. "ಆಣೆ ಮಾಡಿದ್ದೀನಿ!"

"ಹಾಗಿದ್ರೆ ನಿನ್ನ ಗುಂಡಿ ಹತ್ರ ಹೋಗು! ಓಡು!"

ಬೂಟುಗಳ ಧಡಧಡ ಸದ್ದು ಬೇಲಿಯಾಚೆ ಹತ್ತಿರವಾಯಿತು. ಅವನ ಹಿಂದೆ ಇನ್ನೂ ನೂರು ಬೂಟು.

"ಎಲ್ಲಿದ್ದೀಯೇ?"

"ಇಲ್ಲೇ. ಅಪ್ಪನ ಕಲ್ಲಿನ ಪಕ್ಕ ಬೇಲಿಯೊಳಗೆ ಕೈ ಹಾಕು."

ಬೊಬ್ಬೆ ಎದ್ದ ದಪ್ಪ ಕೈ ಮುಳ್ಳಿನ ನಡುವೆ ತೂರಿ ಬಂತು. ಬೆರಿತ್ ಅದನ್ನು ಗಬಕ್ಕನೆ ಹಿಡಿದಳು.

"ಯಾರದು?" ಎಂದ ಓಸ್ಮುಂಡ್ ಬೆಚ್ಚಿ.

"ನಾನೇ ಕಣೋ ದಡ್ಡ. ನಾನು ಕೂತಿರೋದು ಅಮ್ಮನ ಗುಂಡಿ ಅಂಚಲ್ಲಿ. ತಿಳೀತಾ? ಕೋಲು ನೆಡಿಸಿ, ಅಳೆದು, ಹುಡುಕಿ ಇಟ್ಟಿದ್ದಾಳೆ. ನನ್ನ ಕೈಲೇ ಕೋಲು ಹಿಡಿಸಿದ್ಲು! ತನ್ನ ಚರ್ಚೂ ಬಿಟ್ಟಿಲ್ಲ, ಅಪ್ಪನ್ನೂ ಬಿಟ್ಟಿಲ್ಲ ನಮ್ಮಮ್ಮ!"

ಆಚೆಯ ಕೈ ಅವಳ ಕೈಯನ್ನು ನೋಯುವಷ್ಟು ಹಿಸುಕಿತು.

ಬೆರಿತ್‌ಳ ಹಿಂದೆ ಓಲೀನಾ ಚಿಕ್ಕಮ್ಮ ಏದುಸಿರು ಬಿಡುತ್ತ ಬಂದು ನಿಂತಿದ್ದಳು. ಬಗ್ಗಿ ನೋಡಿದಳು. ಕಲ್ಲು ಕಂಡಳು. "ಅಯ್ಯೋ ಕಳ್ಳಿ!" ಎಂದು ಎದೆ ಬಡಿದುಕೊಂಡು ನಗಲೋ ಅಳಲೋ ತಿಳಿಯದೆ ಹುಲ್ಲಿನ ಮೇಲೆ ಕೂತೇಬಿಟ್ಟಳು. "ಎಂಟು ವರ್ಷ ನನ್ನ ಕೈಲಿ ಬೈಸ್ಕೊಂಡ್ಳಲ್ಲೇ, ಒಂದು ಮಾತು ಬಾಯಿ ಬಿಟ್ಲಾ?"

"ಬೆರಿತ್," ಓಸ್ಮುಂಡ್‌ನ ದನಿ ಈಗ ಮೆತ್ತಗಿತ್ತು. "ನನ್ನ ಗುಂಡಿಯಲ್ಲಾದ್ರೆ ಮಧ್ಯೆ ಮುಳ್ಳು ಇರಲ್ಲ ಕಣೇ."

ಬೆರಿತ್ ಬೆಳಗಿನಿಂದ ಬೇಡುತ್ತಿದ್ದದ್ದೂ ಅದನ್ನೇ. ಈಗ ಅದನ್ನೇ ಬಾಯಾರೆ ಬೇಡ ಅನ್ನಬೇಕಾಗಿತ್ತು. ಅಣ್ಣನ ಕೈ ಬಿಡದೆಯೇ ಹೇಳಿದಳು: "ಅಮ್ಮ ಆರಿಸಿದ್ದು ಇದನ್ನ, ಅಣ್ಣ. ನೋಡಿ ಆರಿಸಿದ್ದು."

ಸಿಗ್ನೆಯ ಶವದ ಪೆಟ್ಟಿಗೆ ಎಡದ ಗೇಟಿನೊಳಗೆ ಹೋಯಿತು. ಪಡುವಲಿನವರು ಗುಂಡಿಯ ಸುತ್ತ, ಮೂಡಲಿನವರು ಬೇಲಿಯಾಚೆ. ಹಿಂದಿದ್ದವರು ಗಾಡಿಯ ಹಲಗೆ ತಂದು ಹಾಕಿಕೊಂಡು ಅದರ ಮೇಲೆ ಹತ್ತಿ ಬೇಲಿಯ ಮೇಲಿಂದ ಕತ್ತು ಚಾಚಿದರು. ಎರಡು ಕಡೆಯೂ ಅದೇ ಹಾಡು ಎತ್ತಿಕೊಂಡರು. ಇವರು ಬೇಗ, ಅವರು ನಿಧಾನ. ಮೊದಲ ಚರಣ ಸಂತೆಯಾಯಿತು, ಮೂರನೆಯದರ ಹೊತ್ತಿಗೆ ಹೇಗೋ ಸರಿಹೋಯಿತು. ಪಾದ್ರಿ ಬೋರ್ಗೆ ಎಲ್ಲಿಂಗನ ಕಲ್ಲಿನ ಮೇಲೆ ಕೈಯೂರಿಕೊಂಡು, ಯಾರೂ ಕೇಳದಿದ್ದರೂ, ಬೇಲಿಯಾಚೆಯಿಂದ "ಆಮೆನ್" ಎಂದರು.

ಪಾದ್ರಿ ಲೋಕೆನ್ ಮೂರು ಸನಿಕೆ ಮಣ್ಣು ಹಾಕಿದರು. ಆ ಮೂರು ಪಾದ್ರಿಯದು. ನಾಲ್ಕನೆಯದು ಹಿರಿಯ ಮಗನದು. ಅವನು ಹಾಕುವ ತನಕ ಬೇರೆ ಯಾರೂ ಸನಿಕೆ ಮುಟ್ಟುವ ಹಾಗಿಲ್ಲ. ಗುಂಡಿಯ ಸುತ್ತ ಸನಿಕೆ ಹಿಡಿದ ಆರು ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಎಲ್ಲರೂ ಗೇಟಿನ ಕಡೆ ತಿರುಗಿದರು. ಗೇಟಿನಲ್ಲಿ ಯಾರೂ ಇಲ್ಲ.

"ಆಣೆ ಮಾಡಿದ್ದಾನಂತಲ್ಲ," ಎಂದು ಯಾರೋ ಪಿಸುಗುಟ್ಟಿದರು.

ಬೆರಿತ್ ಬೇಲಿಯ ಕಡೆ ತಿರುಗಿದಳು. ಅಣ್ಣನಿಗೆ ಆಣೆ ಎಂದರೆ ಆಣೆ. ಅವನೂ ಸಿಗ್ನೆಯ ಮಗನೇ ತಾನೆ? ಬೇಲಿಯ ಹತ್ತಿರ ಬಾಯಿಟ್ಟು ಕೂಗಿದಳು: "ಅಣ್ಣಾ, ನಿಂದೇ ಬಾಕಿ. ಬರೋಕಾಗ್ದಿದ್ರೆ ಬೇಡ. ಅಲ್ಲಿಂದಲೇ ಹಾಕೋ!"

ಬೇಲಿಯಾಚೆ ಸನಿಕೆ ಮಣ್ಣಿಗೆ ಕಚ್ಚಿದ ಸದ್ದು. ಅಪ್ಪನ ಮಗ್ಗುಲಿಂದ ಬೆಳಗ್ಗೆ ಅಗೆದ ಕಪ್ಪು ಮಣ್ಣು ಹೆಂಟೆ ಹೆಂಟೆಯಾಗಿ ಪ್ಲಮ್ ಕೊಂಬೆಗಳ ಮೇಲಿಂದ ಹಾರಿ ಬಂತು. ಅರ್ಧ ಪಾದ್ರಿ ಲೋಕೆನ್‌ರ ಬಿಳಿಯ ನೆರಿಗೆಪಟ್ಟಿಯ ಮೇಲೆ ಬಿತ್ತು, ಅರ್ಧ ಪೆಟ್ಟಿಗೆಯ ಮೇಲೆ ಧೊಪ್ಪೆಂದಿತು.

"ಬಿತ್ತಾ?" ಎಂದ ಓಸ್ಮುಂಡ್.

"ಬಿತ್ತು!" ಎಂದರು ಎರಡೂ ಕಡೆಯವರು.

ಆಮೇಲೆ ಯಾರನ್ನು ತಡೆಯುವುದು? ಮೂಡಲಿನ ಗಂಡಸರು ಕೋಟು ಬಿಚ್ಚಿ ಎಸೆದು ಓಸ್ಮುಂಡ್‌ನ ರಾಶಿಗೆ ಕೈ ಹಾಕಿದರು. ತೆರೆದ ಗುಂಡಿ ಖಾಲಿ ಬಿಡುವಂತಿಲ್ಲ, ಅಲ್ಲಿಗೂ ಮಣ್ಣು ಬೇಕಲ್ಲ ಎಂದು ಪಡುವಲಿನವರು ತಮ್ಮ ರಾಶಿಯನ್ನು ಎತ್ತಿ ಆ ಕಡೆಗೆ ಬೀಸಿದರು. ಬೇಲಿಯ ಮೇಲೆ ಮಣ್ಣು ಹೋಗುವುದೂ ಬರುವುದೂ, ನಡುವೆ ಹಣ್ಣು ಚೆಲ್ಲಾಡುವುದೂ. ಪಾದ್ರಿ ಲೋಕೆನ್ ಪಟ್ಟಿ ಬಿಚ್ಚಿ ಕೊಡವುತ್ತ ನಿಂತಿದ್ದರು. ಬೆರಿತ್ ಗುಂಡಿಯ ಅಂಚಿನಲ್ಲಿ ಪಾವಡೆ ಎತ್ತಿಕಟ್ಟಿ ನಿಂತು, ಕಣ್ಣೀರು ಮಣ್ಣು ಎರಡನ್ನೂ ತೋಳಿನಿಂದ ಒರೆಸಿಕೊಳ್ಳುತ್ತ, ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಳು:

"ಇನ್ನೂ ಸ್ವಲ್ಪ ಎಡಕ್ಕೆ ಅಣ್ಣಾ! ತಲೆ ಹತ್ರ ಕಮ್ಮಿ ಬಿದ್ದಿದೆ!"